ಕುಂದ್ರೂ ಹಂಗಿಲ್ರೀ!

ಸರಕಾರ ಲಾಕ್‌ಡೌನ್ ಹಾಕಿದ್ದು ಒಂದೇ ರಾತ್ರಿಯಲ್ಲಿ. ತೆಗೆದದ್ದು ಮಾತ್ರ ಕಂತು ಕಂತಾಗಿ. 2020ರ ಮೇ 4ಕ್ಕೆ ಮದ್ಯದಂಗಡಿ ತೆರೆಯಿತು. ಮೇ 19ಕ್ಕೆ ಬಸ್ಸು ಹೊರಟವು. ಜೂನ್ 8ಕ್ಕೆ ದೇವರು ದರ್ಶನ ಕೊಟ್ಟ. ಅಕ್ಟೋಬರ್ 15ಕ್ಕೆ ಅರ್ಧ ಕುರ್ಚಿಗಳ ಸಿನಿಮಾ, ಮರುವರ್ಷದ ಜನವರಿ 1ಕ್ಕೆ ಹತ್ತನೇ ಇಯತ್ತೆಯ ಹುಡುಗರಿಗೆ ಸಾಲಿ. ಒಂದು ಸಮಾಜ ಯಾವ ಬಾಗಿಲನ್ನು ಮೊದಲು ತೆರೆಯುತ್ತದೆ, ಯಾವುದನ್ನು ಆಮೇಲೆ ನೋಡೋಣ ಅನ್ನುತ್ತದೆ ಎಂಬುದರ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬಹುದು. ಮಾಡುವವರಿಗೆ ಕೂತು ಓದಲು ಒಂದು ಲೈಬ್ರರಿ ತೆರೆದಿರಬೇಕು, ಅಷ್ಟೆ.

ಗದಗ-ಬೆಟಗೇರಿಯಲ್ಲಿ ಆ ದಿನಗಳಲ್ಲಿ ಮಿರ್ಚಿ ಬಜಿಯ ಗಾಡಿ ಯಾವಾಗ ಹಚ್ಚುತ್ತಾರೆ ಎಂದು ಕೇಳದವರಿಲ್ಲ. ಲೈಬ್ರರಿ ಯಾವಾಗ ಎಂದು ಕೇಳಿದವರು ಎರಡೇ ಬಗೆಯ ಮಂದಿ. ಒಬ್ಬರು ನಿವೃತ್ತರು, ಇನ್ನೊಬ್ಬರು ನಿರುದ್ಯೋಗಿಗಳು. ಒಬ್ಬರಿಗೆ ಕೆಲಸ ಮುಗಿದಿದೆ, ಇನ್ನೊಬ್ಬರಿಗೆ ಸಿಕ್ಕಿಲ್ಲ. ನಡುವೆ ಇರುವ ಕೆಲಸವಂತರು ಲೈಬ್ರರಿಯನ್ನು ತಮ್ಮ ಮಕ್ಕಳಿಗೆ ಉಪದೇಶ ಮಾಡಲಿಕ್ಕೆ ಮಾತ್ರ ಬಳಸುತ್ತಾರೆ. ನಾನು ಮೊದಲ ಗುಂಪಿಗೆ ಹೊಸದಾಗಿ ಭರ್ತಿಯಾದವನಾದ್ದರಿಂದ ನಮ್ಮ ಭಾಗದ ವಾಚನಾಲಯದ ಬೀಗವನ್ನು ದಿನಾ ಸಂಜೆ ಹೋಗಿ ನೋಡಿಕೊಂಡು ಬರುವ ಕೆಲಸವನ್ನು ನನಗೆ ನಾನೇ ವಹಿಸಿಕೊಂಡಿದ್ದೆ. ಅಲ್ಲಿ ಬೀಗ ನೋಡಲು ಬಂದ ಇನ್ನೂ ಮೂರು ನಾಲ್ಕು ಜನ ಸಿಗುತ್ತಿದ್ದರು. ಬೀಗದ ಮುಂದೆ ಆರಡಿ ಅಂತರದಲ್ಲಿ ನಿಂತು ನಾವು ಜಗತ್ತಿನ ಸುದ್ದಿಯನ್ನು ವಿಲೇವಾರಿ ಮಾಡುತ್ತಿದ್ದೆವು. ಈಗ ಯೋಚಿಸಿದರೆ, ಲೈಬ್ರರಿ ಮುಚ್ಚಿದ್ದಾಗಲೂ ಒಂದು ರೀತಿಯಲ್ಲಿ ನಡೆದೇ ಇತ್ತು. ಕಟ್ಟಡವೊಂದು ಇರಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ತೆರೆಯಿತು ಅನ್ನುವುದಕ್ಕಿಂತ ಓರೆಯಾಯಿತು ಅನ್ನಬೇಕು. ಎರಡು ಪಡಕಿನಲ್ಲಿ ಒಂದು ಮುಚ್ಚಿಯೇ ಇತ್ತು, ಇನ್ನೊಂದಕ್ಕೆ ಟೇಬಲ್ ಅಡ್ಡ ಇಟ್ಟಿದ್ದರು. ಟೇಬಲ್ಲಿನ ಆಚೆ ಲೈಬ್ರರಿಯವರು, ಈಚೆ ನಾವು. ಮೊದಲು ಒಯ್ದ ಪುಸ್ತಕ ವಾಪಸು ಕೊಡಬಹುದು. ಕೆಲ ದಿನಗಳ ಮೇಲೆ ಹೊಸ ಪುಸ್ತಕ ಒಯ್ಯಬಹುದು. ಆಮೇಲೆ ನಿಂತು ಪೇಪರ್ ಓದಬಹುದು. ಆದರೆ ಯಾವ ಹಂತದಲ್ಲೂ ಬದಲಾಗದೆ ಉಳಿದ ಮಾತು ಒಂದೇ:

"ಕುಂದ್ರೂ ಹಂಗಿಲ್ರೀ ಸರ. ಆರ್ಡರ್ ಇಲ್ಲ."

ಕಪಾಟಿನ ಹತ್ತಿರ ಹೋಗಿ ಹುಡುಕುವ ಹಾಗೂ ಇರಲಿಲ್ಲ. ಹೆಸರು ಹೇಳಬೇಕು, ಅವರು ತಂದುಕೊಡಬೇಕು. ಲೈಬ್ರರಿಗೆ ಬರುವ ಮಂದಿಯ ಗುಟ್ಟು ಅಲ್ಲೇ ಬಯಲಾಯಿತು. ಅರ್ಧಕ್ಕರ್ಧ ಓದುಗರಿಗೆ ತಮಗೆ ಬೇಕಾದ ಪುಸ್ತಕದ ಹೆಸರೇ ಗೊತ್ತಿರುವುದಿಲ್ಲ! ಕಪಾಟಿನ ಮುಂದೆ ತಲೆ ಓರೆ ಮಾಡಿಕೊಂಡು ಸುಳಿದಾಡುವಾಗ ಯಾವುದೋ ಒಂದು ತಾನೇ ಕೈಗೆ ಬರುತ್ತದೆ. ಈಗ ಹೆಸರು ಹೇಳಿ ಅಂದರೆ? ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: "ಅದ ರೀ, ಕೆಂಪ ರಟ್ಟಿಂದು... ಅದರಾಗ ಒಬ್ಬಾಕಿ ಬಾವ್ಯಾಗ ಬೀಳತಾಳಲ್ರೀ, ಅದು."

ಲೈಬ್ರರಿಯವರು ಮಾಸ್ಕಿನ ಒಳಗಿಂದಲೇ ನಿಟ್ಟುಸಿರು ಬಿಟ್ಟರು. "ಬಾವ್ಯಾಗ ಬೀಳೂ ಕಾದಂಬರಿ ಎರಡ ಕಪಾಟ ಅದಾವವ್ವ. ಯಾವ ಬಾವಿ ಹೇಳು."

ವಾಪಸು ಬಂದ ಪುಸ್ತಕಗಳಿಗೆ ಕ್ವಾರಂಟೈನ್ ಇತ್ತು. ಬಿಸ್ಕಿಟ್ ಕಂಪನಿಯ ರಟ್ಟಿನ ಡಬ್ಬಿಯಲ್ಲಿ ಅವನ್ನು ಕೂಡಿಸಿ, ಮೇಲೆ ತಾರೀಖು ಬರೆದು, ಹಿಂದಿನ ಕೋಣೆಯಲ್ಲಿ ಇಡುತ್ತಿದ್ದರು. ಇದು ನಮ್ಮವರ ಅತಿಜಾಣತನವೇನಲ್ಲ. ಅಮೆರಿಕದಲ್ಲಿ ಆಗ ಬ್ಯಾಟೆಲ್ ಎಂಬ ಪ್ರಯೋಗಾಲಯದವರು ಲೈಬ್ರರಿಗಳಿಗಾಗಿಯೇ ವೈರಸ್ಸನ್ನು ರಟ್ಟು, ಪುಟ, ಪ್ಲಾಸ್ಟಿಕ್ ಹೊದಿಕೆಗಳ ಮೇಲೆ ಸವರಿ, ಎಷ್ಟು ದಿನ ಬದುಕುತ್ತದೆ ಎಂದು ನೋಡಿದ್ದರು. ಬಿಡಿಬಿಡಿಯಾಗಿ ಇಟ್ಟ ಪುಸ್ತಕದಲ್ಲಿ 3 ದಿನಕ್ಕೆ ಅದರ ಸುಳಿವು ಸಿಗಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟದ್ದರಲ್ಲಿ 6 ದಿನವಾದರೂ ಸಿಕ್ಕಿತು. ಅಂದರೆ ಪುಸ್ತಕಗಳೂ ಗುಂಪುಗೂಡಬಾರದು! ನಮ್ಮ ಲೈಬ್ರರಿಯ ಮಟ್ಟಿಗೆ ಇದು ಅಷ್ಟು ಕಷ್ಟದ ನಿಯಮವಲ್ಲ. ಅಲ್ಲಿನ ಎಷ್ಟೋ ಸಂಪುಟಗಳು ಯಾರೂ ಹೇಳದೆಯೇ ಇಪ್ಪತ್ತು ವರ್ಷಗಳಿಂದ ಸ್ವಯಂ ದಿಗ್ಬಂಧನದಲ್ಲಿವೆ.

ಕಾಲ ಸರಿದಂತೆ ವೈರಸ್ಸು ಹಬ್ಬುವುದು ಮುಟ್ಟಿದ ವಸ್ತುವಿನಿಂದ ಕಡಿಮೆ, ಬಾಯಿಂದ ಬರುವ ಗಾಳಿಯಿಂದ ಹೆಚ್ಚು ಎಂದು ವಿಜ್ಞಾನಿಗಳು ತೀರ್ಮಾನಕ್ಕೆ ಬಂದರು. ಪುಸ್ತಕಗಳು ನಿರ್ದೋಷಿಗಳೆಂದು ಬಿಡುಗಡೆಯಾದವು, ಮಾತಾಡುವವರು ಆರೋಪಿಗಳಾದರು. ಲೈಬ್ರರಿಗಳ ಗೋಡೆಯ ಮೇಲೆ ತಲೆತಲಾಂತರದಿಂದ ಇದ್ದ "ಮೌನವಾಗಿರಿ" ಎಂಬ ಫಲಕಕ್ಕೆ ಇಷ್ಟು ದೊಡ್ಡ ವೈದ್ಯಕೀಯ ಬೆಂಬಲ ಸಿಗುತ್ತದೆಂದು ಅದನ್ನು ಬರೆಸಿದವರೂ ಎಣಿಸಿರಲಿಕ್ಕಿಲ್ಲ.

ಪೇಪರ್ ಓದಲು ಬಿಟ್ಟ ದಿನದಿಂದ ನಿಜವಾದ ಪೇಚಾಟ ಶುರುವಾಯಿತು. ನಮ್ಮಲ್ಲೊಬ್ಬರು ನಿವೃತ್ತ ಮಾಸ್ತರರು. ಅವರು ಪೇಪರ್ ಓದುವುದನ್ನು ನೋಡುವುದೇ ಒಂದು ಸೊಗಸು. ಬಲಗೈ ತೋರುಬೆರಳು ಮೇಲೇಳುತ್ತದೆ, ಕೆಳದುಟಿಗೆ ತಾಗುತ್ತದೆ, ನಾಲಿಗೆಯ ತುದಿ ಅದನ್ನು ಎದುರುಗೊಂಡು ತಟಕು ತೇವ ಕೊಡುತ್ತದೆ, ಬೆರಳು ಇಳಿದು ಪುಟದ ಬಲಗಡೆಯ ಮೇಲ್ತುದಿಯನ್ನು ಹಿಡಿಯುತ್ತದೆ, ಪುಟ ಸರ್ರನೆ ತಿರುಗುತ್ತದೆ. ಇಷ್ಟೂ ನಡೆಯುವಾಗ ಅವರ ಕಣ್ಣು ಸಂಪಾದಕೀಯದ ಕೊನೆಯ ಸಾಲನ್ನು ಬಿಟ್ಟಿರುವುದಿಲ್ಲ. ನಲವತ್ತು ವರ್ಷ ಪೇಪರ್ ತಿದ್ದಿದ ಕೈ ಅದು. ಈಗ ನಡುವೆ ಮಾಸ್ಕು. ಬೆರಳು ಮೇಲೇಳುತ್ತದೆ, ಬಟ್ಟೆಗೆ ತಾಗಿ ಒಣಗಿಯೇ ವಾಪಸು ಬರುತ್ತದೆ. ಪುಟ ಮಿಸುಕುವುದಿಲ್ಲ. ಮಾಸ್ತರರು ಪೇಪರನ್ನು ಸಿಟ್ಟಿನಿಂದ ನೋಡುತ್ತಾರೆ. ಮತ್ತೆ ಬೆರಳು ಮೇಲೆ. ಕೊನೆಗೆ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕೆಲಸ ಮುಗಿಸಿ, ಸಭ್ಯರಂತೆ ಮತ್ತೆ ಏರಿಸಿಕೊಳ್ಳುತ್ತಾರೆ. ಎದುರಿಗಿದ್ದ ಹುಡುಗನೊಬ್ಬ, "ಸರ, ಉಗುಳ ಹಚ್ಚಬ್ಯಾಡ್ರಿ" ಅಂದದ್ದಕ್ಕೆ ಅವರು, "ಉಗುಳ ಹಚ್ಚದ ಯಾವ ವಿದ್ಯಾ ಬಂದೈತಿ ನಿನಗ?" ಎಂದು ಅವನನ್ನೇ ಎರಡನೇ ಇಯತ್ತೆಗೆ ಇಳಿಸಿಬಿಟ್ಟರು.

ಲೈಬ್ರರಿಯವರು ಉಪಾಯಗಾರರು. ಬ್ಯಾಂಕಿನ ಕ್ಯಾಶಿಯರ ಮುಂದೆ ಇರುತ್ತದಲ್ಲ, ಸ್ಪಂಜಿನ ಡಬ್ಬಿ, ಅದನ್ನು ತಂದಿಟ್ಟರು. ಇಟ್ಟದ್ದು ಸರಿ, ಅದಕ್ಕೆ ನೀರಿನ ಬದಲು ಸ್ಯಾನಿಟೈಸರ್ ಸುರುವಿದರು. ಸ್ಪಿರಿಟ್ಟಿಗೂ ಅಚ್ಚಿನ ಮಸಿಗೂ ಆಗಿಬರುವುದಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮುಖಪುಟದ ಮುಖಂಡರ ಮೋರೆಗಳು ಕಪ್ಪಾಗಿ, ಯಾವ ಪಕ್ಷದವರೆಂದು ಗುರುತಿಸುವುದೇ ಕಷ್ಟವಾಯಿತು. ಮೊದಲೇನು ಬಹಳ ಸುಲಭವಿತ್ತು ಎಂದಲ್ಲ.

ಪೇಪರ್ ನಿಂತು ಓದುವುದು ಉಂಟು, ಪುಸ್ತಕ ಮನೆಗೆ ಒಯ್ಯುವುದು ಉಂಟು, ಕುಳಿತುಕೊಳ್ಳುವುದು ಮಾತ್ರ ಇಲ್ಲ. ಮೇಲಿನವರ ಲೆಕ್ಕದಲ್ಲಿ ಲೈಬ್ರರಿ ಮುಕ್ಕಾಲು ತೆರೆದಂತೆ. ನಮ್ಮ ಲೆಕ್ಕದಲ್ಲಿ ಅದು ಇನ್ನೂ ಮುಚ್ಚಿಯೇ ಇತ್ತು. ಯಾಕೆಂದು ಹೇಳಬೇಕಾದರೆ ರಂಗನಾಥನ್ ಅವರನ್ನು ಕರೆಯಬೇಕು. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕೊಟ್ಟ ಮಹನೀಯರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದರು, ಆ ಶಾಸ್ತ್ರಕ್ಕೊಂದು ಕೇಂದ್ರವನ್ನೂ 1962ರಲ್ಲಿ ಅಲ್ಲಿ ಕಟ್ಟಿದರು. ಅವರ ನಾಲ್ಕನೇ ಸೂತ್ರ, ಓದುಗನ ಸಮಯ ಉಳಿಸಬೇಕು ಎಂಬುದು. ಅವರು ದೊಡ್ಡವರು, ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಗದಗಿನ ವಾಚನಾಲಯದ ಓದುಗ ಸಮಯ ಉಳಿಸಲಿಕ್ಕೆ ಬರುವವನಲ್ಲ, ಕಳೆಯಲಿಕ್ಕೆ ಬರುವವನು. ಅವನ ಸಮಯವನ್ನು ಉಳಿಸಿ ಕೈಗೆ ಕೊಟ್ಟರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು, ಪಾಪ?

ಮನೆಯಲ್ಲಿ ಕೂಡಲಾಗದೇ ಎಂದು ಕೇಳಬಹುದು. ಆಗುವುದಿಲ್ಲ. ನಿವೃತ್ತನೊಬ್ಬ ಮನೆಯಲ್ಲಿ ಕೂತರೆ ಅವನು ಕೂತ ಜಾಗದಲ್ಲೇ ಕಸ ಬೀಳುತ್ತದೆ, ಅಲ್ಲೇ ಹಾಸಿಗೆ ಝಾಡಿಸಬೇಕಾಗುತ್ತದೆ. "ಸ್ವಲ್ಪ ಅತ್ತಲಾಗ ಸರೀರಿ" ಎಂಬ ಮಾತನ್ನು ಲಾಕ್‌ಡೌನಿನಲ್ಲಿ ಕೇಳಿದಷ್ಟು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಹುಡುಗರ ಪಾಡು ಇದಕ್ಕಿಂತ ಕಡೆ. ಮುಂಡರಗಿ ಕಡೆಯ ಹುಡುಗನೊಬ್ಬ ಗದಗಿನಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು, ರಾತ್ರಿ ಮುಚ್ಚುವಾಗ ಎಬ್ಬಿಸಿದರೆ ಏಳುವ ಪೈಕಿ. ಲಾಕ್‌ಡೌನಿಗೆ ಊರಿಗೆ ಹೋದ. ಅವನ ಪುಸ್ತಕಗಳೆಲ್ಲ ಅವನ ಹತ್ತಿರವೇ ಇದ್ದವು, ಲೈಬ್ರರಿಯ ಒಂದು ಪುಸ್ತಕವನ್ನೂ ಅವನು ಯಾವತ್ತೂ ಮುಟ್ಟಿದವನಲ್ಲ. ಆದರೂ ಓದು ನಿಂತುಹೋಯಿತು. ಬಂದಮೇಲೆ ಹೇಳಿದ: "ಮನ್ಯಾಗ ಪುಸ್ತಕಾ ತಗದ ಕುಂತ್ರ ಅಪ್ಪ, 'ಸುಮ್ನ ಕುಂತಿ ಅಲ್ಲ, ಮೋಟರ್ ಚಾಲೂ ಮಾಡಿ ಬಾ' ಅಂತಾನ್ರಿ. ಅವ್ವ, 'ಎಮ್ಮಿಗೆ ಮೇವ ಹಾಕು' ಅಂತಾಳ. ಕಪ್ಪತಗುಡ್ಡದ ಬುಡಕ್ಕ ಹೋಗಿ ಗಿಡದ ನೆಳ್ಳಾಗ ಕುಂತೆ, ಅಲ್ಲಿ ಕುರಿ ಕಾಯೋರು ಬಂದು ಮಾತಿಗೆ ಕುಂತ್ರು."

ಮನೆಯಲ್ಲಿ ಕೂತವನು ಸೋಮಾರಿ. ಅದೇ ಮನುಷ್ಯ ಅದೇ ಪುಸ್ತಕ ಹಿಡಿದು ಲೈಬ್ರರಿಯಲ್ಲಿ ಕೂತರೆ ವಿದ್ಯಾರ್ಥಿ. ಸುಮ್ಮನೆ ಕೂಡಲಿಕ್ಕೆ ಪರವಾನಗಿ ಕೊಡುವ ಸರಕಾರಿ ಕಚೇರಿ ಜಗತ್ತಿನಲ್ಲಿ ಇದೊಂದೇ. ಆ ಹುಡುಗನಷ್ಟೇ ಅಲ್ಲ, ಕಿಟಕಿಯ ಹತ್ತಿರದ ಮಹಿಳೆಯರ ಬೆಂಚಿನಲ್ಲಿ ಕೂಡುತ್ತಿದ್ದ ಹುಡುಗಿಯರಿಗೂ ಅಷ್ಟೇ. ಬಜಾರ, ಬಸ್‌ಸ್ಟ್ಯಾಂಡು, ಚಹಾದಂಗಡಿ ಎಲ್ಲ ಕಡೆ "ಇಲ್ಲೇನ ಮಾಡಾಕತ್ತಿ?" ಎಂಬ ಪ್ರಶ್ನೆ ಎದುರಾಗುತ್ತದೆ. ಲೈಬ್ರರಿಯಲ್ಲಿ ಯಾರೂ ಕೇಳುವುದಿಲ್ಲ. ಅವರ ಪಾಲಿಗೆ ಮುಚ್ಚಿದ್ದು ವಾಚನಾಲಯ ಮಾತ್ರವಲ್ಲ, ಮನೆ ಬಿಟ್ಟು ಹೊರಗಿರಬಹುದಾದ ಎರಡು ತಾಸು. ಈ ವಿಷಯ ಯಾವ ಮಾರ್ಗಸೂಚಿಯಲ್ಲೂ ಬರಲಿಲ್ಲ.

ಅಂದಹಾಗೆ ಆ ಹುಡುಗನ ಎಫ್‌ಡಿಎ ಪರೀಕ್ಷೆ 2021ರ ಜನವರಿ 24ಕ್ಕೆ ಇತ್ತು. ಹಿಂದಿನ ದಿನ ಪ್ರಶ್ನೆಪತ್ರಿಕೆ ಸೋರಿ ಫೆಬ್ರುವರಿ 28ಕ್ಕೆ ಹೋಯಿತು. ರಾಜ್ಯದಲ್ಲಿ ಎಲ್ಲಕ್ಕೂ ಸೋರುವ ಸ್ವಾತಂತ್ರ್ಯವಿತ್ತು, ಕೂಡುವುದೊಂದಕ್ಕೆ ಇರಲಿಲ್ಲ.

ಡಿಜಿಟಲ್ ಲೈಬ್ರರಿ ಇತ್ತಲ್ಲ ಎಂದು ಕೆಲವರು ನೆನಪಿಸುತ್ತಾರೆ. ಇತ್ತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರ ಫೆಬ್ರುವರಿಯಲ್ಲಿ, ಕೊರೊನಾ ಬರುವುದು ಮೊದಲೇ ಗೊತ್ತಿತ್ತೇನೋ ಎಂಬಂತೆ, ಅದನ್ನು ಶುರುಮಾಡಿತ್ತು. ಮುಂದಿನ ತಿಂಗಳೇ ಊರಿಗೂರೇ ಮನೆಯೊಳಗೆ ಸೇರಿತು, ಲಕ್ಷಗಟ್ಟಲೆ ಮಂದಿ ಸದಸ್ಯರಾದರು. ಒಳ್ಳೆಯ ಕೆಲಸ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಇದ್ದ ಒಂದೇ ಒಂದು ಸ್ಮಾರ್ಟ್ ಫೋನು ಬೆಳಗಿನಿಂದ ಸಂಜೆಯ ತನಕ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಮುಡಿಪು. ರಾತ್ರಿ ಅದು ಅಜ್ಜನ ಕೈಗೆ ಬರುವ ಹೊತ್ತಿಗೆ ಚಾರ್ಜೂ ಇಲ್ಲ, ಡೇಟಾನೂ ಇಲ್ಲ. ಮಾಸ್ತರರು ಒಮ್ಮೆ ಪ್ರಯತ್ನಿಸಿದರಂತೆ. ಪುಟ ತಿರುವಲು ಅಭ್ಯಾಸಬಲದಿಂದ ಬೆರಳಿಗೆ ಉಗುಳು ಹಚ್ಚಿದ್ದೇ ಫೋನು ಮೂರು ಕಡೆ ಒತ್ತಿಕೊಂಡು ಯಾರಿಗೋ ಕಾಲ್ ಹೋಯಿತಂತೆ.

ಹಳ್ಳಿಗಳಲ್ಲಿ ಮಾತ್ರ ಇದಕ್ಕಿಂತ ಚಂದದ ಸಂಗತಿಯೊಂದು ನಡೆಯಿತು. ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ್ದರು. 2020ರ ಕೊನೆಗೆ ಆ ಇಲಾಖೆ 'ಓದುವ ಬೆಳಕು' ಎಂಬ ಕಾರ್ಯಕ್ರಮ ತಂದು 6ರಿಂದ 18 ವರ್ಷದ ಮಕ್ಕಳಿಗೆಲ್ಲ ಪುಕ್ಕಟೆ ಸದಸ್ಯತ್ವ ಕೊಟ್ಟಿತು. ಸಾಲಿ ಬಂದ್, ಆಟಕ್ಕೂ ಬೇಸರ, ಇಂಥ ಹೊತ್ತಿನಲ್ಲಿ. ಶಿರಹಟ್ಟಿ ಕಡೆಯ ನಮ್ಮ ಸಂಬಂಧಿಕರ ಹಳ್ಳಿಗೆ ಹೋದಾಗ ನೋಡಿದೆ. ಪಂಚಾಯಿತಿಯ ಆ ಕೋಣೆಯಲ್ಲಿ ಮೊದಲೆಲ್ಲ ಇಬ್ಬರು ಯಜಮಾನರು ಒಂದು ಪೇಪರನ್ನು ಹರಿದು ಹಂಚಿಕೊಂಡು ಓದುತ್ತಿದ್ದರು. ಈಗ ಹೊರಗೆ ಬೇವಿನ ಮರದ ಕೆಳಗೆ ಹುಡುಗರು ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಕೂತಿದ್ದಾರೆ. ನಡುನಡುವೆ ಅಂತರ ಇರಲೆಂದು ಮೇಲ್ವಿಚಾರಕರು ಸುಣ್ಣದಲ್ಲಿ ವೃತ್ತ ಬರೆದಿದ್ದರು. ಹುಡುಗರು ವೃತ್ತದಲ್ಲಿ ಚಪ್ಪಲಿ ಇಟ್ಟು, ತಾವು ಒಂದೇ ಚಿತ್ರದ ಪುಸ್ತಕದ ಮೇಲೆ ಐದು ತಲೆ ಬಾಗಿಸಿದ್ದರು. ಚಪ್ಪಲಿಗಳಿಗೆ ಸೋಂಕು ತಗಲುವ ಭಯವಂತೂ ಇರಲಿಲ್ಲ. ಇಲ್ಲಿ ಗಮನಿಸಬೇಕಾದ್ದು, ಆ ಹುಡುಗರನ್ನು ಯಾರೂ ಎಬ್ಬಿಸಲಿಲ್ಲ.

ವಾಪಸು ಬರುವಾಗ ಲಕ್ಷ್ಮೇಶ್ವರದಲ್ಲಿ ಇಳಿದೆ. ಬಸ್ಸು ತಪ್ಪಿದರೆ ಲಕ್ಷ್ಮೇಶ್ವರದಲ್ಲಿ ಮಾಡಲು ಕೆಲಸ ಸಿಗುತ್ತದೆ, ಸೋಮೇಶ್ವರ ಗುಡಿ ಇದೆ. ಹಳೆಯ ಪುಲಿಗೆರೆ ಇದು, ಪಂಪ ತನ್ನ ಕಾವ್ಯದ ಕನ್ನಡ ಇಲ್ಲಿನದು ಎಂದು ಹೆಮ್ಮೆಯಿಂದ ಹೇಳಿಕೊಂಡ ಊರು. ಊರ ತುಂಬ ಹತ್ತಾರು ಶಾಸನಗಳಿವೆ. ಒಂದರ ಮುಂದೆ ನಿಂತಾಗ ಅನ್ನಿಸಿತು, ಮಾರ್ಗಸೂಚಿಗೆ ಇಷ್ಟು ಒಪ್ಪುವ ವಾಚನಾಲಯ ಬೇರೆ ಇಲ್ಲ. ಬಯಲುಗಾಳಿ. ಮುಟ್ಟಬೇಕಾಗಿಲ್ಲ, ಪುಟ ತಿರುವುವ ಗೋಜಿಲ್ಲ, ಒಯ್ದವರು ವಾಪಸು ಕೊಡಲಿಲ್ಲ ಎಂಬ ದೂರಿಲ್ಲ. ಸಾವಿರ ವರ್ಷದಿಂದ ರಜೆಯಿಲ್ಲದೆ ತೆರೆದಿದೆ. ಓದಲು ಬರುವವರು ಮಾತ್ರ ಇಲ್ಲ, ಯಾಕೆಂದರೆ ಓದಲು ಬರುವುದಿಲ್ಲ. ನನ್ನನ್ನೂ ಹಿಡಿದು.

ಈ ಸೀಮೆಗೆ ಪುಸ್ತಕದ ಹುಚ್ಚು ಹಳೆಯದು. ಗದಗಿನಿಂದ ಕೂಗಳತೆಯ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದವಳು. ಸಾವಿರ ಪ್ರತಿ! ಇವತ್ತು ಕನ್ನಡ ಪ್ರಕಾಶಕರು ಒಂದು ಕವನ ಸಂಕಲನಕ್ಕೆ ಅಷ್ಟು ಅಚ್ಚು ಹಾಕಬೇಕಾದರೆ ಕವಿಯ ಮುಖ ನೋಡುತ್ತಾರೆ. ಸದಸ್ಯತ್ವವಿಲ್ಲ, ಠೇವಣಿ ಇಲ್ಲ, ಹದಿನೈದು ದಿನದ ಗಡುವಿಲ್ಲ. ಮನೆಗೆ ಪುಸ್ತಕ ಮುಟ್ಟಿಸುವ ಸೇವೆಯಲ್ಲಿ ಆಕೆಯನ್ನು ಮೀರಿಸಿದವರು ಇನ್ನೂ ಬಂದಿಲ್ಲ. ನಮ್ಮ ಕಾಲದಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಪುಸ್ತಕ ಅಚ್ಚುಹಾಕಿಸಿ ಹಾಕಿಸಿ ಜನರ ಬಾಯಲ್ಲಿ ಪುಸ್ತಕದ ಸ್ವಾಮೀಜಿಯೇ ಆಗಿಹೋದರು. 2018ರಲ್ಲಿ ಅವರು ಲಿಂಗೈಕ್ಯರಾದರು, ಈ ಬೀಗ ನೋಡುವ ಕಷ್ಟ ಅವರಿಗೆ ಬರಲಿಲ್ಲ.

ಕೂಡಲಿಕ್ಕೆ ಆರ್ಡರ್ ಬಂತು, ಒಂದು ದಿನ. ಒಂದು ಬಿಟ್ಟು ಒಂದು ಕುರ್ಚಿ, ಒಬ್ಬರಿಗೆ ಒಂದೇ ತಾಸು. ಒಂದು ತಾಸಿನಲ್ಲಿ ಏನು ಓದಲಾಗುತ್ತದೆ ಎಂದು ಹುಡುಗರು ಗೊಣಗಿದರು. ಮಾಸ್ತರರು ಬಿಡಲಿಲ್ಲ: "ಕುಮಾರವ್ಯಾಸ ಇದೇ ಊರಾಗ ವೀರನಾರಾಯಣ ಗುಡಿಯೊಳಗ ಭಾರತ ಬರದಾನ. ಜಳಕಾ ಮಾಡಿ ಬಂದು ಉಟ್ಟ ಒದ್ದಿ ಅರಿವಿ ಒಣಗೂತನಕ ಅಷ್ಟ ಬರೀತಿದ್ದನಂತ. ಅವಗ ಸಾಕಾಗಿತ್ತು, ನಿಮಗ ಸಾಲೂದಿಲ್ಲ?" ಗದಗಿನ ಬಿಸಿಲಿಗೆ ಒದ್ದೆ ಧೋತರ ಒಂದು ತಾಸೂ ತಡೆಯದು ಎಂಬುದನ್ನು ಸೇರಿಸಿದರೆ ಕವಿಯ ದೊಡ್ಡಸ್ತಿಕೆ ಇನ್ನೂ ಹೆಚ್ಚುತ್ತದೆ. ಆದರೆ ಆತ ಬರೆದದ್ದು ಭಾರತ. ಭಾರತದ ಸಂವಿಧಾನ, ಭೂಗೋಳ, ಪ್ರಚಲಿತ ವಿದ್ಯಮಾನ, ಮೇಲೆ ಮಾನಸಿಕ ಸಾಮರ್ಥ್ಯ ಓದಬೇಕಾಗಿದ್ದರೆ ಎರಡು ಧೋತರ ಬೇಕಾಗುತ್ತಿತ್ತು.

ಹೀಗೆ ಕೂತೆವು ಅನ್ನುವಷ್ಟರಲ್ಲಿ 2021ರ ಏಪ್ರಿಲ್ 27ಕ್ಕೆ ಮತ್ತೆ ಎಲ್ಲ ಬಂದ್. ಎರಡನೇ ಅಲೆಯ ಬಗ್ಗೆ ನಗುತ್ತ ಬರೆಯಲು ನನಗೆ ಬರುವುದಿಲ್ಲ. ಆ ಸಲ ಬೀಗ ನೋಡಲು ಯಾರೂ ಹೋಗಲಿಲ್ಲ. ಮತ್ತೆ ತೆರೆದಾಗ ಖಾಲಿ ಬಿಡಬೇಕಾದ ಕುರ್ಚಿಗಳ ಮೇಲೆ ಗುರುತು ಮಾಡುವ ಅಗತ್ಯ ಅಷ್ಟಾಗಿ ಬೀಳಲಿಲ್ಲ.

ನಮ್ಮಲ್ಲಿ ಪೇಪರಿನ ಪುಟಗಳಿಗೆ ಒಡೆತನ ಇದೆ. ಸಂಪಾದಕೀಯ ಮಾಸ್ತರರದು, ಪದಬಂಧ ನಿವೃತ್ತ ಪೋಸ್ಟ್‌ಮಾಸ್ತರರದು, ಕ್ರೀಡೆ ಹುಡುಗರದು, ಮಳೆ ಮತ್ತು ಮಾರುಕಟ್ಟೆ ದರ ಬೆಟಗೇರಿಯ ಒಬ್ಬ ನೇಕಾರರದು. ಹೊಲ ಇಲ್ಲದಿದ್ದರೂ ಅವರಿಗೆ ಮಳೆಯ ಚಿಂತೆ. ಈ ಏರ್ಪಾಡು ಮುರಿದದ್ದನ್ನು ನಾನು ಕಂಡದ್ದು 2022ರ ಫೆಬ್ರುವರಿ 17ರ ಬೆಳಗ್ಗೆ. ಹಿಂದಿನ ದಿನ ಧಾರವಾಡದಲ್ಲಿ ಚೆನ್ನವೀರ ಕಣವಿ ತೀರಿಕೊಂಡಿದ್ದರು. ಕೋವಿಡ್ ಅಂಟಿ ಆಸ್ಪತ್ರೆ ಸೇರಿದವರು ವಾಪಸು ಬಂದಿರಲಿಲ್ಲ. ಅವರು ಹುಟ್ಟಿದ್ದು ಇಲ್ಲೇ ಪಕ್ಕದ ಹೊಂಬಳದಲ್ಲಿ. ಅವತ್ತು ಎಲ್ಲರಿಗೂ ಅದೇ ಪುಟ ಬೇಕಾಗಿತ್ತು, ಯಾರೂ ಯಾರ ಪುಟ ಎಂದು ಕೇಳಲಿಲ್ಲ. ಪದಬಂಧ ಹಾಗೇ ಉಳಿಯಿತು.

ಈಗ ಎಲ್ಲ ಕುರ್ಚಿಗಳೂ ಬಿಡುಗಡೆಯಾಗಿವೆ. ಕಾಲಿನಿಂದ ಒತ್ತುವ ಸ್ಯಾನಿಟೈಸರಿನ ಸ್ಟ್ಯಾಂಡಿಗೆ ಮಂದಿ ಛತ್ರಿ ತೂಗುಹಾಕುತ್ತಾರೆ. ಉಳಿದಿರುವುದು ಕಿಟಕಿಯ ವ್ಯಾಜ್ಯ. ಕೊರೊನಾ ಕಾಲದಲ್ಲಿ ಗಾಳಿಯಾಡಲೆಂದು ತೆಗೆಸಿದ ಕಿಟಕಿಗಳನ್ನು ಹುಡುಗರು ಮುಚ್ಚಗೊಡುವುದಿಲ್ಲ. ಗಾಳಿ ಬಂದರೆ ಪೇಪರ್ ಹಾರುತ್ತದೆ ಎಂದು ಹಿರಿಯರು ಬಿಡುವುದಿಲ್ಲ. ನಾವೂ ಈ ಲೈಬ್ರರಿಗೆ ಪಾಲುದಾರರೇ ಎಂದು ಇಬ್ಬರೂ ಹಕ್ಕು ಸಾಧಿಸುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. 1965ರ ಗ್ರಂಥಾಲಯ ಕಾಯಿದೆಯ ಕೃಪೆಯಿಂದ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಸೆಸ್ಸು ಇದಕ್ಕೇ ಹೋಗುತ್ತದೆ. ಹುಡುಗರ ಪಾಲನ್ನು ಅವರ ಅಪ್ಪಂದಿರು ಕಟ್ಟುತ್ತಾರೆ ಎಂಬುದು ಬೇರೆ ಮಾತು.

ಮೊನ್ನೆ ಇದೇ ವ್ಯಾಜ್ಯದ ನಡುವೆ ಒಬ್ಬ ಗೃಹಸ್ಥರು ಚೀಲದಿಂದ ದಪ್ಪ ಕಾದಂಬರಿಯೊಂದನ್ನು ತೆಗೆದು ಟೇಬಲ್ ಮೇಲಿಟ್ಟರು. ಲೈಬ್ರರಿಯವರು ಹಿಂದಿನ ಚೀಟಿ ನೋಡಿ ಹುಬ್ಬೇರಿಸಿದರು. ಒಯ್ದದ್ದು 2020ರ ಮಾರ್ಚ್, ಬಂದ್ ಆಗುವ ಮುಂಚಿನ ವಾರ.

"ದಂಡ ಎಷ್ಟಾತ್ರಿ?"

"ಕೊರೊನಾದ್ದಕ್ಕ ದಂಡ ಎಲ್ಲಿಂದ ಹಚ್ಚೂದ್ರಿ, ಬಿಡ್ರಿ. ಹೆಂಗಿತ್ತು ಪುಸ್ತಕ?"

"ಓದಿಲ್ರಿ ಇನ್ನ."

"ಇಷ್ಟ ವರ್ಷ ಮನ್ಯಾಗ ಇಟಗೊಂಡ ಓದಿಲ್ಲ?"

"ಮನ್ಯಾಗ ಕುಂತ ಓದಾಕ ಆಕ್ಕೈತೇನ್ರಿ? ಅದಕ್ಕ ತಂದೇನಿ. ಇಲ್ಲೇ ಕುಂತು ಮುಗಿಸಿ ಕೊಟ್ಟ ಹೋಗತೀನಿ."

ಹಾಗಂದವರೇ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಫ್ಯಾನಿನ ಕೆಳಗಿನ ಕುರ್ಚಿ ಎಳೆದುಕೊಂಡು ಕೂತರು. ಅದು ಮಾಸ್ತರರ ಕುರ್ಚಿ. ಮುಂದಿನ ಅರ್ಧ ತಾಸು ಅಲ್ಲಿ ಯಾರೂ ಏನೂ ಓದಲಿಲ್ಲ.